ಮುಳ್ಳಿನಿಂದ ಸ್ಪೀಕರಿನವರೆಗೆ: ಹೊಂದಾಣಿಕೆಯ ಚರಿತ್ರೆ

ಗದಗಿನ ಹುಡುಗ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ಜಿಂಝೋಟಿ ಠುಮರಿಯ ಪ್ಲೇಟು ಕೇಳಿ ಸಂಗೀತದ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಕಥೆ ಪುಣೆಯ ಕನ್ನಡಿಗರಿಗೆ ಹೊಸದಲ್ಲ. ಖಾನ್ ಸಾಹೇಬರ ಬಗ್ಗೆ ಮಾತಾಡುತ್ತೇವೆ, ಭೀಮಸೇನರ ಬಗ್ಗೆಯೂ ಮಾತಾಡುತ್ತೇವೆ. ಇಬ್ಬರ ನಡುವೆ ಇದ್ದ ಯಂತ್ರವನ್ನು ಮಾತ್ರ ಮರೆಯುತ್ತೇವೆ. ಆಗಿನ ಗ್ರಾಮಫೋನ್ ಎಂದರೆ ಸಾಮಾನ್ಯವಾಗಿ ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆ: ಒಂದು ಉಕ್ಕಿನ ಮುಳ್ಳು, ಒಂದು ತೆಳು ಪೊರೆ, ಒಂದು ತುತ್ತೂರಿ. ಕರೆಂಟಿಲ್ಲದ ಈ ಮೂರು ಸಾಮಾನು ಸೇರಿ ಒಬ್ಬ ಹುಡುಗನ ಬದುಕಿನ ದಿಕ್ಕು ಬದಲಿಸುವಷ್ಟು ಸಂಗೀತವನ್ನು ದಾಟಿಸಿದವು. ಹೇಗೆ? ಒಂದಕ್ಕೊಂದು ಹೊಂದಿಕೊಂಡಿದ್ದರಿಂದ.

ಈ ಹೊಂದಾಣಿಕೆಗೂ ಒಂದು ಚರಿತ್ರೆಯಿದೆ. 1925ರವರೆಗೆ ಧ್ವನಿಮುದ್ರಣ ಎಂದರೆ ಗಾಯಕರು ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡುವುದು. ಆ ವರ್ಷ ಮೈಕ್ರೊಫೋನ್ ಬಳಸುವ ವಿದ್ಯುತ್ ಮುದ್ರಣ ಮಾರುಕಟ್ಟೆಗೆ ಬಂತು. ಪ್ಲೇಟಿನ ಗೀರುಗಳಲ್ಲಿ ಹಿಂದೆಂದೂ ಇಲ್ಲದಷ್ಟು ಕೆಳಗಿನ ಮತ್ತು ಮೇಲಿನ ಸ್ವರಗಳು ಸೇರಿಕೊಂಡವು. ಆದರೆ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆ ಅವನ್ನು ಹೊರಗೆ ಬಿಡಬೇಕಲ್ಲ! ಮುದ್ರಣ ಸುಧಾರಿಸಿತ್ತು, ಕೇಳಿಸುವ ಯಂತ್ರ ಅಲ್ಲೇ ನಿಂತಿತ್ತು.

ಅಮೆರಿಕದ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್‌ಫೀಲ್ಡ್ ಮತ್ತು ಹ್ಯಾರಿಸನ್ ಎಂಬ ಎಂಜಿನಿಯರುಗಳು ಇದಕ್ಕೆ ಉತ್ತರವನ್ನು ಟೆಲಿಫೋನ್ ತಂತಿಯಲ್ಲಿ ಹುಡುಕಿದರು. ಎರಡು ಬೇರೆ ಗುಣದ ತಂತಿಗಳನ್ನು ಜೋಡಿಸಿದರೆ, ಕೂಡುವ ಜಾಗದಲ್ಲಿ ಸಂಕೇತದ ಒಂದು ಪಾಲು ಹಿಂದಕ್ಕೆ ಬರುತ್ತದೆ, ಕೆರೆಯ ಅಲೆ ಏರಿಗೆ ಬಡಿದು ಮರಳಿದ ಹಾಗೆ. ಮುಳ್ಳು, ಪೊರೆ, ತುತ್ತೂರಿಗಳ ನಡುವೆಯೂ ಆಗುವುದು ಇದೇ ಎಂದು ಅವರು ಲೆಕ್ಕ ಹಾಕಿದರು. ಪ್ರತಿ ಭಾಗದ ತಡೆಯನ್ನು, ಅಂದರೆ ಇಂಪಿಡೆನ್ಸನ್ನು, ಮುಂದಿನ ಭಾಗಕ್ಕೆ ಹೊಂದಿಸಿದರು. 1925ರ ನವೆಂಬರಿನಲ್ಲಿ ಬಂದ ಆರ್ಥೊಫೋನಿಕ್ ವಿಕ್ಟ್ರೋಲಾ ಈ ಲೆಕ್ಕದ ಫಲ. ಅದು ಸುಮಾರು 100ರಿಂದ 5,000 ಹರ್ಟ್ಸ್‌ವರೆಗಿನ ನಾದವನ್ನು ಕೊಟ್ಟಿತು. ಅಲ್ಲಿ ಗೆದ್ದದ್ದು ಯಾವುದೋ ಒಂದು ಬಿಡಿಭಾಗವಲ್ಲ, ಭಾಗಗಳ ನಡುವಿನ ಬೆಸುಗೆ.

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದು ಮಾಡ್ಯೂಲೂ ತನ್ನ ಪರೀಕ್ಷೆಯಲ್ಲಿ ಪಾಸಾಗಿರುತ್ತದೆ. ಎಲ್ಲ ಸೇರಿಸಿದ ದಿನವೇ ರಾತ್ರಿ ನಿದ್ದೆ ಕೆಡುವುದು.

1948ರಲ್ಲಿ ಎಲ್.ಪಿ. ಬಂದಾಗ ಹಳೆಯ ಹೊಂದಾಣಿಕೆಗಳೆಲ್ಲ ತಿರುಗುಮುರುಗಾದವು. 78ರ ಪ್ಲೇಟಿನ ಗೀರಿಗೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕಿತ್ತು, ಎಲ್.ಪಿ.ಗೆ 25 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು. ಹಳೆಯ ಗ್ರಾಮಫೋನಿನ ಸೌಂಡ್ ಬಾಕ್ಸ್ 100 ಗ್ರಾಂಗೂ ಹೆಚ್ಚು ಭಾರ ಹೇರುತ್ತಿತ್ತು. ಇಂದಿನ ಕಾರ್ಟ್ರಿಡ್ಜ್‌ಗಳು 1.5ರಿಂದ 3 ಗ್ರಾಂನಲ್ಲಿ ನಡೆಯುತ್ತವೆ. ಮುದ್ರಿಸುವಾಗ ಕೆಳಸ್ವರಗಳನ್ನು ತಗ್ಗಿಸಿ ಮೇಲಿನವನ್ನು ಎತ್ತುತ್ತಾರೆ, ನುಡಿಸುವಾಗ ಅದನ್ನೇ ತಿರುಗಿಸಬೇಕು. ಈ ಏರಿಳಿತದ ಲೆಕ್ಕ ಕಂಪನಿಗೊಂದು ತರಹ ಇತ್ತು. 1954ರಲ್ಲಿ ಆರ್‌ಐಎಎ ಎಂಬ ಒಂದೇ ಅಳತೆ ರೂಢಿಗೆ ಬಂತು. ನಮ್ಮ ಫೋನೊ ಆಂಪ್ಲಿಫೈಯರುಗಳು ಇಂದಿಗೂ ಅದನ್ನೇ ಪಾಲಿಸುತ್ತವೆ.

ಅದೇ 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದ ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಖರ್ಜವನ್ನು ಕೂರಿಸಿದ ಎಆರ್-1 ಸ್ಪೀಕರನ್ನು ತಂದರು. 1958ರಲ್ಲಿ ಸ್ಟೀರಿಯೊ ಪ್ಲೇಟು ಬಂದು ಮನೆಗೆ ಎರಡೆರಡು ಸ್ಪೀಕರ್ ಬೇಕಾದಾಗ ಇಂಥ ಚಿಕ್ಕ ಪೆಟ್ಟಿಗೆಗಳೇ ಅನುಕೂಲವಾದವು. ಆದರೆ ಅವು ವಿದ್ಯುತ್ತನ್ನು ಹೆಚ್ಚು ಬೇಡುತ್ತಿದ್ದವು. ಕೆಲವೇ ವಾಟಿನಲ್ಲಿ ದೊಡ್ಡ ಹಾರ್ನನ್ನು ಹಾಡಿಸುತ್ತಿದ್ದ ವಾಲ್ವ್ ಆಂಪ್ಲಿಫೈಯರ್ ಇಲ್ಲಿ ಏದುಸಿರು ಬಿಡುತ್ತಿತ್ತು. ಸ್ಪೀಕರ್ ಬದಲಾಯಿತು, ಅದರ ಹಿಂದೆ ಆಂಪ್ಲಿಫೈಯರೂ ಬದಲಾಗಬೇಕಾಯಿತು.

ತೋಳಿಗೂ ಕಾರ್ಟ್ರಿಡ್ಜಿಗೂ ಇರುವ ನಂಟು ಇನ್ನೂ ಸೂಕ್ಷ್ಮ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ನೆನಪಿಸಿಕೊಳ್ಳಿ: ತೋಳು ಭಾರ, ಮುಳ್ಳಿನ ಬುಡ ಸ್ಪ್ರಿಂಗು. ಎರಡೂ ಸೇರಿ ತಮ್ಮದೇ ಒಂದು ವೇಗದಲ್ಲಿ ಅಲ್ಲಾಡುತ್ತವೆ. ಅದು 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಕ್ಷೇಮ. ಡೊಂಕು ಪ್ಲೇಟಿನ ಏರಿಳಿತ ಅದಕ್ಕಿಂತ ಕೆಳಗೆ, ಸಂಗೀತ ಅದಕ್ಕಿಂತ ಮೇಲೆ. ಒಟ್ಟು ಭಾರವನ್ನು (ಗ್ರಾಂನಲ್ಲಿ) ಕಾರ್ಟ್ರಿಡ್ಜಿನ ಕಂಪ್ಲಾಯನ್ಸ್ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಭಾರ 16, ಕಂಪ್ಲಾಯನ್ಸ್ 15 ಆದರೆ ಉತ್ತರ ಸುಮಾರು 10. ಭಾರ 31, ಕಂಪ್ಲಾಯನ್ಸ್ 30 ಆದರೆ ಸುಮಾರು 5: ಡೊಂಕು ಪ್ಲೇಟಿನ ಮೇಲೆ ತೋಳು ಕುಣಿಯುತ್ತದೆ. ಜಪಾನಿನ ಪ್ರಸಾರ ಸಂಸ್ಥೆಗಾಗಿ 1960ರ ದಶಕದಲ್ಲಿ ರೂಪುಗೊಂಡ ಡೆನಾನ್ ಡಿಎಲ್-103ಕ್ಕೆ ಭಾರದ ತೋಳೇ ಬೇಕು. ಅದನ್ನು ಹಗುರ ತೋಳಿಗೆ ಕಟ್ಟಿದರೆ ಎರಡೂ ಒಳ್ಳೆಯವೇ, ಜೋಡಿ ಮಾತ್ರ ಕೆಟ್ಟದ್ದು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಇಲ್ಲಿ ತಪ್ಪು ಜೋಡಿಯಿಂದ ಆಗುವ ನಷ್ಟ ಬರೀ ರುಚಿಯದ್ದಲ್ಲ. ದಿವೆ ಘಾಟಿನ ಈಚೆ, ಸಾಸವಡದ ನನ್ನ ಮನೆಗೆ ಬರುವ ಕನ್ನಡದ ಗೆಳೆಯರಲ್ಲಿ ಕೆಲವರ ಬಳಿ ಊರಿಂದ ತಂದ ಪ್ಲೇಟುಗಳಿವೆ: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಅಜ್ಜಂದಿರು ಕೂಡಿಟ್ಟ ನಾಟಕದ ಹಾಡುಗಳು. ಅವನ್ನು ಕೇಳಲು ಎಲ್ಲರೂ ಮೊದಲು ಯೋಚಿಸುವುದು ಅಗ್ಗದ ಸೂಟ್‌ಕೇಸ್ ಪ್ಲೇಯರ್. ಎಲ್.ಪಿ. ಮುಳ್ಳು 78ರ ಗೀರಿನಲ್ಲಿ ತಳಕ್ಕಿಳಿದು ಕಸವನ್ನೇ ಕೆದಕುತ್ತದೆ. ಎಲ್.ಪಿ.ಯನ್ನು ಉಕ್ಕಿನ ಮುಳ್ಳಿಗೆ ಕೊಟ್ಟರೆ ಒಂದೇ ಸಲಕ್ಕೆ ಗೀರು ಕೆತ್ತಿಹೋಗುತ್ತದೆ. ಡಿಜಿಟಲ್ ಕಡತದ ಹಾಗೆ ಮತ್ತೊಂದು ನಕಲು ಇಳಿಸಿಕೊಳ್ಳಲಾಗದು. ಅದೆಷ್ಟೋ ಹಾಡುಗಳಿಗೆ ಉಳಿದಿರುವುದು ಆ ಒಂದು ಪ್ಲೇಟು ಮಾತ್ರ ಇರಬಹುದು.

ಹಾಗಾಗಿ ದುಡ್ಡು ಯಾವುದಕ್ಕೆ ಎಷ್ಟು ಎಂಬುದಕ್ಕಿಂತ ಮೊದಲು ಪ್ಲೇಟು ಯಾವುದು ಎಂದು ನೋಡಿ. 78 ಇದ್ದರೆ ಆ ವೇಗವಿರುವ ಟರ್ನ್‌ಟೇಬಲ್ ಬೇಕು. ಇಂದಿನ ಬಹಳಷ್ಟು ಯಂತ್ರಗಳಲ್ಲಿ 33 ಮತ್ತು 45 ಮಾತ್ರ ಇರುತ್ತವೆ. ಅದಕ್ಕೆ ಬೇರೆಯೇ ಮುಳ್ಳು, ಆ ಮುಳ್ಳಿಗೆ ಒಪ್ಪುವ ತೋಳು, ಕಾರ್ಟ್ರಿಡ್ಜಿಗೆ ಒಪ್ಪುವ ಫೋನೊ, ಸ್ಪೀಕರನ್ನು ತಾಳುವ ಆಂಪ್ಲಿಫೈಯರ್ – ಹೀಗೆ ಕ್ರಮವಾಗಿ ಬನ್ನಿ. ಎಲ್ಲವೂ ಕೂಡಿಬರುವ ತನಕ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. ಇಷ್ಟು ವರ್ಷ ಕಾದಿವೆ, ಇನ್ನಾರು ತಿಂಗಳು ಕಾಯುತ್ತವೆ.