ಗ್ರೀನ್ ಕಾರ್ಡ್ ಎಂಬ ಖಾಯಮಾತಿ: ಗುಬ್ಬಿಯಿಂದ ಹೋದವರು ಯಾಕೆ ಇನ್ನೂ ಕ್ಯೂನಲ್ಲಿದ್ದಾರೆ?

‘ರೇಷನ್ ಕಾರ್ಡೇ ಆರು ತಿಂಗ್ಳಿಗೆ ಬಂತು, ಇವನದ್ಯಾವ್ದಪ್ಪ ಇನ್ನೂ ಬರ್ದೇ ಇರೋ ಕಾರ್ಡು?’ ಗುಬ್ಬಿಯಲ್ಲಿರುವ ನನ್ನ ಗೆಳೆಯನ ತಾಯಿ ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಎರಡೂ ಕಡೆಯ ಸಮಾಚಾರ ಗೊತ್ತಿರಬೇಕು ಅನ್ನೋದು ಅವರ ನಂಬಿಕೆ. ಅವರ ಮಗ ತುಮಕೂರಿನಲ್ಲಿ ನನ್ನ ಜತೆಗೇ ಬಿಇ ಮುಗಿಸಿ 2011ರಲ್ಲಿ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ. ಒಳ್ಳೇ ಕೆಲಸ ಇದೆ, ಸ್ವಂತ ಮನೆ ಇದೆ, ವರ್ಷಾವರ್ಷ ತೆರಿಗೆ ಕಟ್ಟುತ್ತಾನೆ. 14 ವರ್ಷ ಆದ ಮೇಲೂ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅವನು ‘ತಾತ್ಕಾಲಿಕ’.

ಆ ತಾಯಿಗೆ ನಿಂತಲ್ಲೇ ಹೇಳಿ ಮುಗಿಸೋಕೆ ಆಗದ ಉತ್ತರವನ್ನು ಇಲ್ಲಿ ಬರೀತಿದ್ದೀನಿ. ತುಮಕೂರು, ಕುಣಿಗಲ್ ಕಡೆ ಫೈನಲ್ ಇಯರ್‌ನಲ್ಲಿ ಕೂತು, ಮನೆ ಅಡ ಇಟ್ಟು ಸಾಲ ಮಾಡಲೋ ಬೇಡವೋ ಅಂತ ಯೋಚಿಸುತ್ತಿರುವವರೂ ಓದಬೇಕು. ಎಲ್ಲರೂ ವೀಸಾ ಸಿಗುತ್ತಾ, ಸಂಬಳ ಎಷ್ಟು ಅಂತ ಕೇಳ್ತಾರೆ. ಖಾಯಂ ಆಗೋಕೆ ಎಷ್ಟು ವರ್ಷ ಬೇಕು, ಅಲ್ಲಿವರೆಗೆ ನನ್ನ ಜುಟ್ಟು ಯಾರ ಕೈಯಲ್ಲಿರುತ್ತೆ ಅಂತ ಕೇಳೋರು ಕಡಿಮೆ.

ಖಾಯಮಾತಿ ಅನ್ನೋ ಪದ ನಮಗೆ ಹೊಸದಲ್ಲ. ಅತಿಥಿ ಉಪನ್ಯಾಸಕರು, ಪೌರಕಾರ್ಮಿಕರು ಬೀದಿಗಿಳಿದಿದ್ದು ಇದಕ್ಕೇ. 2006ರಲ್ಲಿ ‘ಕರ್ನಾಟಕ ಸರ್ಕಾರ ವರ್ಸಸ್ ಉಮಾದೇವಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರ್ಷಗಟ್ಟಲೆ ದುಡಿದ ಮಾತ್ರಕ್ಕೆ ತಾತ್ಕಾಲಿಕ ನೌಕರರಿಗೆ ಖಾಯಂ ಆಗೋ ಹಕ್ಕು ಬರಲ್ಲ ಅಂತ ಹೇಳಿತು. ಅಮೆರಿಕದ ಎಚ್-1ಬಿ ವೀಸಾದ ತರ್ಕವೂ ಹೆಚ್ಚುಕಮ್ಮಿ ಇದೇ. ನೀವು ಎಷ್ಟು ವರ್ಷ ಇದ್ದಿರಿ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ.

ದಾರಿ ಹೇಗಿದೆ?

ಎಂಎಸ್ ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ‘ಒಪಿಟಿ’ ಹೆಸರಲ್ಲಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತೆ. ಅಷ್ಟರೊಳಗೆ ಎಚ್-1ಬಿ ಆಗಬೇಕು. ವರ್ಷಕ್ಕೆ ಇರೋದು 85,000 ಹೊಸ ವೀಸಾ. ಅದರಲ್ಲಿ 20,000 ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮೀಸಲು. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಬರುವುದರಿಂದ ಲಾಟರಿ ಎತ್ತುತ್ತಾರೆ. ಸಿಕ್ಕರೆ ಮೊದಲು 3 ವರ್ಷ, ಆಮೇಲೆ 3 ವರ್ಷ. ಅಲ್ಲಿಗೆ ಮಾಮೂಲಿ ಅವಧಿ ಮುಗೀತು.

ಗ್ರೀನ್ ಕಾರ್ಡ್‌ಗೆ ಸಾಮಾನ್ಯವಾಗಿ ನೀವೇ ಅರ್ಜಿ ಹಾಕೋ ಹಾಗಿಲ್ಲ, ಕಂಪನಿ ಹಾಕಬೇಕು. ಈ ಕೆಲಸಕ್ಕೆ ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ ಅಂತ ಜಾಹೀರಾತು ಕೊಟ್ಟು, ಅಲ್ಲಿನ ಕಾರ್ಮಿಕ ಇಲಾಖೆಗೆ ತೋರಿಸೋದು ಮೊದಲ ಹೆಜ್ಜೆ. ಇದಕ್ಕೆ ‘ಪರ್ಮ್’ ಅಂತಾರೆ. ಪರ್ಮ್ ಅರ್ಜಿ ಹಾಕಿದ ದಿನವೇ ನಿಮ್ಮ ‘ಪ್ರಯಾರಿಟಿ ಡೇಟ್’, ಅಂದರೆ ಕ್ಯೂನಲ್ಲಿ ನಿಮ್ಮ ಟೋಕನ್. ನಂತರ ಕಂಪನಿ ಐ-140 ಅನ್ನೋ ಅರ್ಜಿ ಹಾಕುತ್ತೆ. ಅದು ಪಾಸಾದರೆ, ಸರದಿ ಬರೋವರೆಗೂ ಎಚ್-1ಬಿಯನ್ನು ಮೂರು ಮೂರು ವರ್ಷ ಎಳೆಯಬಹುದು. 2000ನೇ ಇಸವಿಯ ಒಂದು ಕಾನೂನಿನಿಂದ ಬಂದ ಸೌಲಭ್ಯ ಇದು. ಇದಿಲ್ಲದಿದ್ದರೆ ನನ್ನ ಗೆಳೆಯ 2020ರಲ್ಲೇ ಗುಬ್ಬಿಗೆ ವಾಪಸ್ ಬರಬೇಕಿತ್ತು. ಕೊನೆಯ ಹೆಜ್ಜೆ ಐ-485, ಅಂದರೆ ಕಾರ್ಡ್‌ಗೆ ನೀವು ಹಾಕುವ ಅರ್ಜಿ. ಪ್ರಯಾರಿಟಿ ಡೇಟ್‌ನ ಸರದಿ ಬಂದಾಗ ಮಾತ್ರ ಅದಕ್ಕೆ ಮಂಜೂರಾತಿ.

ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಈ ಸರದಿಯಲ್ಲೇ.

ಹುಟ್ಟಿದ ಊರೇ ಟೋಕನ್

ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳ ಮಾಮೂಲಿ ಮಿತಿ ವರ್ಷಕ್ಕೆ 1,40,000. 1990ರ ಕಾನೂನಿನ ಸಂಖ್ಯೆ ಇದು, ಇವತ್ತಿಗೂ ಬದಲಾಗಿಲ್ಲ. ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ಇದರೊಳಗೇ ಬರ್ತಾರೆ. ಜತೆಗೆ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ. ಎಂಎಸ್ ಮಾಡಿದ ಬಹುಪಾಲು ಎಂಜಿನಿಯರ್‌ಗಳು ಬರೋದು ‘ಇಬಿ-2’ ವರ್ಗದಲ್ಲಿ. ಅದರ ಪಾಲು ಸುಮಾರು 40,000. ಅದರಲ್ಲಿ ಶೇ 7 ಅಂದರೆ 2,800ರ ಆಸುಪಾಸು. ಬೇರೆ ದೇಶದವರು ಬಳಸದೆ ಉಳಿಸಿದ್ದು ಇದ್ದರೆ ಅದು ಮೇಲೋಗರ, ಅಷ್ಟೆ. ಇನ್ನೊಂದು ಕಡೆ, ಮಂಜೂರಾಗುವ ಎಚ್-1ಬಿಗಳಲ್ಲಿ ಹತ್ತಕ್ಕೆ ಏಳು ಭಾರತದಲ್ಲಿ ಹುಟ್ಟಿದವರದ್ದು. ಒಳಬಾಗಿಲು ಊರಗಲ, ಹೊರಬಾಗಿಲು ಸೂಜಿಯ ಕಣ್ಣು.

ಪರಿಣಾಮ ಇಷ್ಟು: 2025ರ ಸೆಪ್ಟೆಂಬರ್ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ದಿನಾಂಕ ಇದ್ದದ್ದು 2013ರ ಜನವರಿ 1. ಅದಕ್ಕೂ ಮುಂಚೆ ಟೋಕನ್ ತಗೊಂಡವರ ಸರದಿ ಅಂತ ಅರ್ಥ. ನನ್ನ ಗೆಳೆಯನ ಟೋಕನ್ 2017ರ ಅಕ್ಟೋಬರ್‌ನದ್ದು. ‘ಹಾಗಾದರೆ ಇನ್ನು ಐದು ವರ್ಷ’ ಅಂತ ಲೆಕ್ಕ ಹಾಕಬೇಡಿ. ಈ ಕ್ಯೂ ಹಿಂದಕ್ಕೂ ಚಲಿಸುತ್ತೆ. ಕೋವಿಡ್ ಕಾಲದಲ್ಲಿ ಬಳಕೆಯಾಗದೆ ಉಳಿದ ಕುಟುಂಬ ವೀಸಾಗಳು ಉದ್ಯೋಗದ ಖಾತೆಗೆ ಬಂದಿದ್ದರಿಂದ 2022ರ ಸೆಪ್ಟೆಂಬರ್‌ನಲ್ಲಿ ದಿನಾಂಕ 2014ರ ಡಿಸೆಂಬರ್‌ವರೆಗೂ ಮುಂದೆ ಹೋಗಿತ್ತು. ಮರುತಿಂಗಳೇ 2012ರ ಏಪ್ರಿಲ್‌ಗೆ ಜಾರಿತು. ಮೂರು ವರ್ಷ ಕಾದ ಮೇಲೂ ಕ್ಯೂ ತಾನಿದ್ದ ಜಾಗಕ್ಕೆ ಮರಳಿಲ್ಲ.

ಇಲ್ಲಿ ‘ದೇಶ’ ಅಂದರೆ ಪಾಸ್‌ಪೋರ್ಟ್ ಕೊಟ್ಟ ದೇಶ ಅಲ್ಲ, ನೀವು ಹುಟ್ಟಿದ ದೇಶ. ಗುಬ್ಬಿಯಲ್ಲಿ ಹುಟ್ಟಿ ಕೆನಡಾದ ಪೌರತ್ವ ಪಡೆದರೂ ನೀವು ಭಾರತದ ಕ್ಯೂನಲ್ಲೇ ಇರ್ತೀರಿ. ಇದರ ಮಗ್ಗುಲಲ್ಲೇ ಒಂದು ವಿಚಿತ್ರ ಇದೆ. ತುಮಕೂರಿನಿಂದ ಗಲ್ಫ್‌ಗೆ ದುಡಿಯೋಕೆ ಹೋದ ಒಬ್ಬರಿಗೆ ದುಬೈನಲ್ಲಿ ಮಗ ಹುಟ್ಟಿದ ಅಂತ ಇಟ್ಟುಕೊಳ್ಳಿ. ಅಪ್ಪನಿಗೆ ಅಲ್ಲಿ ಮೂವತ್ತು ವರ್ಷ ದುಡಿದರೂ ಖಾಯಂ ನೆಲೆ ಸಿಗಲ್ಲ, ಕೆಲಸ ಹೋದರೆ ಇರೋ ಹಕ್ಕೂ ಹೋಗುತ್ತೆ. ಆದರೆ ಆ ಮಗ ಮುಂದೆ ಅಮೆರಿಕಕ್ಕೆ ಹೋದರೆ ಅವನ ಲೆಕ್ಕ ಯುಎಇ ಖಾತೆಗೆ. ನನ್ನ ಗೆಳೆಯನ ಪಕ್ಕದ ಮೇಜಿನಲ್ಲಿ ಕೂತು, ಅದೇ ಕೆಲಸ ಮಾಡುತ್ತಾ, ಅವನಿಗಿಂತ ಎಷ್ಟೋ ಮೊದಲೇ ಕಾರ್ಡ್ ತಗೋತಾನೆ. ಅಷ್ಟೇ ಅಲ್ಲ, ಅವನನ್ನು ಮದುವೆಯಾದ ಗುಬ್ಬಿಯ ಹುಡುಗಿಯೂ ಗಂಡನ ಜನ್ಮದೇಶದ ಕ್ಯೂ ಹಿಡಿಯಬಹುದು. ಪ್ರತಿಭೆ ಇದ್ದವರಿಗೆ ಅಮೆರಿಕ ಅನ್ನುವವರು ಈ ಒಂದು ನಿಯಮ ಓದಲಿ.

ಕಾಯುವಾಗ ಏನಾಗುತ್ತೆ?

ಕೆಲಸ ಹೋದರೆ ಬೇರೆ ಕಂಪನಿ ಹುಡುಕಿಕೊಳ್ಳೋಕೆ ಸಿಗೋದು ಹೆಚ್ಚೆಂದರೆ 60 ದಿನ. ಕಂಪನಿ ಬದಲಿಸಿದರೆ ಹಳೇ ಟೋಕನ್ ಉಳಿಸಿಕೊಳ್ಳಬಹುದು, ಆದರೆ ಹೊಸ ಕಂಪನಿ ಪರ್ಮ್, ಐ-140 ಎರಡನ್ನೂ ಮೊದಲಿನಿಂದ ಮಾಡಬೇಕು. ಅದಕ್ಕೇ ಎಷ್ಟೋ ಜನ ಸಂಬಳ ಏರದಿದ್ದರೂ, ಬಾಸ್ ಬೈದರೂ ಕೂತಲ್ಲೇ ಕೂತಿರ್ತಾರೆ. ಗುತ್ತಿಗೆ ನೌಕರನ ಬಾಯಿ ಕಟ್ಟಿಹಾಕೋಕೆ ಎಲ್ಲ ಊರಲ್ಲೂ ಇದೇ ಹಗ್ಗ.

ಗಂಡನ ವೀಸಾಕ್ಕೆ ಅಂಟಿಕೊಂಡ ‘ಎಚ್-4’ನಲ್ಲಿ ಹೋದ ಹೆಂಡತಿಗೆ ಕೆಲಸ ಮಾಡೋ ಅನುಮತಿ ಸಿಗಲು ಶುರುವಾಗಿದ್ದೇ 2015ರಲ್ಲಿ. ಅದೂ ಗಂಡನ ಐ-140 ಮಂಜೂರಾಗಿದ್ದರೆ, ಅಥವಾ ಅವನ ಎಚ್-1ಬಿ ಆರು ವರ್ಷ ದಾಟಿದ್ದರೆ ಮಾತ್ರ. 2017ರ ಫೆಬ್ರವರಿಯಲ್ಲಿ ಕನ್ಸಾಸ್‌ನ ಓಲೇತ್‌ನಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ದ್ವೇಷದ ಗುಂಡಿಗೆ ಬಲಿಯಾದಾಗ, ಅವರ ಪತ್ನಿ ಸುನಯನಾ ದುಮಾಲ ಗಂಡನ ಜತೆಗೆ ಅಲ್ಲಿರುವ ಕಾನೂನುಬದ್ಧ ಹಕ್ಕನ್ನೂ ಕಳೆದುಕೊಂಡರು.

ಗೆಳೆಯನ ಹೆಂಡತಿ ಬಾಣಂತನಕ್ಕೆ ತವರಿಗೆ ಬಂದಿದ್ದರು. ಮಗಳು ತುಮಕೂರಿನಲ್ಲಿ ಹುಟ್ಟಿದಳು. ಹಾಗಾಗಿ ಅವಳೂ ಎಚ್-4. 21 ತುಂಬುವಷ್ಟರಲ್ಲಿ ಅಪ್ಪನ ಸರದಿ ಬರದಿದ್ದರೆ ಅವಳು ಕ್ಯೂನಿಂದಲೇ ಹೊರಗೆ, ತನ್ನದೇ ವಿದ್ಯಾರ್ಥಿ ವೀಸಾ ಹುಡುಕಬೇಕು. ಮಕ್ಕಳ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಕಾನೂನು 2002ರಲ್ಲಿ ಬಂತು, ಆದರೆ ಇಷ್ಟು ಉದ್ದದ ಕ್ಯೂಗೆ ಅದು ಸಾಲಲ್ಲ.

ತಾತ್ಕಾಲಿಕ ಮತ್ತು ಖಾಯಂ ನಡುವಿನ ವ್ಯತ್ಯಾಸ ನನಗೆ ಅರ್ಥವಾಗಿದ್ದು 2021ರ ಮೇನಲ್ಲಿ. ಆ ತಿಂಗಳ 4ರಿಂದ ಅಮೆರಿಕ ಭಾರತದಿಂದ ಬರುವವರಿಗೆ ನಿರ್ಬಂಧ ಹಾಕಿತು. ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ಅಮೆರಿಕನ್ ಪ್ರಜೆಯಾದ ಮಗುವಿರುವ ಪೋಷಕರಿಗೆ ವಿನಾಯಿತಿ ಇತ್ತು. ನನ್ನ ಗೆಳೆಯ ಇದ್ಯಾವುದೂ ಅಲ್ಲ. ಅದೇ ತಿಂಗಳು ಅವನ ಅಪ್ಪ ಕೋವಿಡ್‌ನಿಂದ ತೀರಿಕೊಂಡರು. ಬಂದರೆ ವಾಪಸ್ ಹೋಗೋಕೆ ಆಗುತ್ತೋ ಇಲ್ಲವೋ, ಅಲ್ಲಿ ಹೆಂಡತಿ, ಮಗು. ಕಾರ್ಯ ನಾವು ನಾಲ್ಕು ಜನ ಮಾಡಿದೆವು. ಅವನು ವಿಡಿಯೋ ಕಾಲ್‌ನಲ್ಲಿದ್ದ.

ಇದು ರಾಜಕೀಯ

ಈ ಕ್ಯೂ ಹಣೆಬರಹ ಅಲ್ಲ, ಯಾರೋ ಬರೆದ ನಿಯಮ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪ್ರಜೆಗಳಾಗುವಂತಿಲ್ಲ ಅಂದಿತು. 1946ರಲ್ಲಿ ವರ್ಷಕ್ಕೆ 100 ಜನರ ಕೋಟಾ ಕೊಟ್ಟರು. 1965ರಲ್ಲಿ ಜನಾಂಗದ ಲೆಕ್ಕ ಹೋಗಿ ದೇಶವಾರು ಮಿತಿ ಉಳಿಯಿತು. ಅದನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆಯದೇ ರೂಪದಲ್ಲಿ ಪಾಸು ಮಾಡಿತು. ಎರಡನ್ನೂ ಹೊಂದಿಸೋ ಮೊದಲೇ ಅವಧಿ ಮುಗೀತು.

ಮಿತಿಯನ್ನು ಸಮರ್ಥಿಸುವವರ ವಾದವನ್ನೂ ತಳ್ಳಿಹಾಕೋಕೆ ಆಗಲ್ಲ: ಮಿತಿ ತೆಗೆದರೆ ಕೆಲವು ವರ್ಷ ಬಹುತೇಕ ಕಾರ್ಡ್‌ಗಳು ಭಾರತೀಯರಿಗೇ ಹೋಗಿ, ಫಿಲಿಪೀನ್ಸ್‌ನ ನರ್ಸ್ ಕಾಯಬೇಕಾಗುತ್ತೆ. ನಿಜ. 1,40,000 ಅನ್ನೋ ಸಂಖ್ಯೆಯನ್ನು ಮುಟ್ಟದೆ ಬರೀ ಶೇ 7 ತೆಗೆದರೆ ಕಾಯುವವರ ಹೆಸರು ಬದಲಾಗುತ್ತೆ, ಕಾಯೋದು ತಪ್ಪಲ್ಲ. ನಮ್ಮ ಎನ್‌ಆರ್‌ಐ ಗುಂಪುಗಳಲ್ಲಿ ಈ ಮಾತು ಎತ್ತಿದರೆ ಸಿಟ್ಟಾಗ್ತಾರೆ. ಈ ನಡುವೆ 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಹೊರಡಿಸಿದ ಘೋಷಣೆಯ ಪ್ರಕಾರ, ಅಮೆರಿಕದ ಹೊರಗಿರುವವರಿಗೆ ಹೊಸ ಎಚ್-1ಬಿ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು.

ಬೇರೆ ಬಾಗಿಲುಗಳು

ಜರ್ಮನಿಯಲ್ಲಿ ಲೆಕ್ಕ ಸರಳ. ಬ್ಲೂ ಕಾರ್ಡ್ ಇದ್ದು, ಬಿ1 ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಖಾಯಂ ನೆಲೆಗೆ ಅರ್ಜಿ ಹಾಕಬಹುದು. ಎ1 ಮಾತ್ರ ಬಂದರೆ 27 ತಿಂಗಳು. ಹುಟ್ಟಿದ ದೇಶ ಕೇಳಿ ಕ್ಯೂ ಮಾಡಲ್ಲ. ಕೆನಡಾ 2015ರಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ಯಲ್ಲಿ 1,200ಕ್ಕೆ ಅಂಕ ಕೊಡುತ್ತೆ. 30 ದಾಟಿದರೆ ವಯಸ್ಸಿನ ಅಂಕ ಇಳಿಯುತ್ತೆ. ಅಲ್ಲೂ ಬಾಗಿಲು ಕಿರಿದಾಗ್ತಿದೆ: 2025ಕ್ಕೆ 5 ಲಕ್ಷ ಜನರನ್ನು ಖಾಯಂ ಮಾಡ್ತೀವಿ ಅಂದಿದ್ದನ್ನು 3,95,000ಕ್ಕೆ ಇಳಿಸಿದರು. ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ ಅಂಕವನ್ನೂ ಆ ವರ್ಷದ ಮಾರ್ಚ್‌ನಲ್ಲಿ ತೆಗೆದರು.

ಖಾಯಂ ಅನ್ನೋದೂ ಪೂರ್ತಿ ಖಾಯಂ ಅಲ್ಲ. ಕೆನಡಾದಲ್ಲಿ ಪ್ರತಿ 5 ವರ್ಷದಲ್ಲಿ 730 ದಿನ ಅಲ್ಲಿರಬೇಕು. ಗ್ರೀನ್ ಕಾರ್ಡ್ ಇದ್ದವರು ಒಂದು ವರ್ಷ ಅಥವಾ ಹೆಚ್ಚು ಕಾಲ ಹೊರಗಿರೋದಾದರೆ ಮೊದಲೇ ಮರುಪ್ರವೇಶದ ಪರವಾನಗಿ ತಗೋಬೇಕು. ಇತ್ತ, ಕಾರ್ಡ್ ಬಂದರೂ ನೀವು ಭಾರತದ ಪ್ರಜೆಯೇ. ಫಾರಂ 6ಎ ತುಂಬಿ ಓಟರ್ ಲಿಸ್ಟ್‌ಗೆ ಸೇರಬಹುದು, ಆದರೆ ಮತ ಹಾಕೋಕೆ ಖುದ್ದಾಗಿ ಗುಬ್ಬಿಯ ಬೂತ್‌ಗೇ ಬರಬೇಕು. ತೆಂಗಿನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ವಿದೇಶದಲ್ಲಿ ನೆಲೆಸಿರುವಷ್ಟು ಕಾಲ ಹೊಸದಾಗಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ.

ಹೊರಡುವ ಮೊದಲು ಕಾಗದ

ಕುಣಿಗಲ್ಲಿನ ಒಬ್ಬ ವಿದ್ಯಾರ್ಥಿನಿ ಮೊನ್ನೆ ‘ಸರ್, ಈಗಲೇ ಏನು ಮಾಡಿಟ್ಕೋಬೇಕು?’ ಅಂತ ಕೇಳಿದಳು. ಎರಡೇ ಹೇಳಿದೆ. ಒಂದು, ಜನನ ಪ್ರಮಾಣ ಪತ್ರ. ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಜನರದ್ದು ನೋಂದಣಿಯೇ ಆಗಿರಲ್ಲ, ಅಥವಾ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತೆ. ನೋಂದಣಿ ಇಲ್ಲದಿದ್ದರೆ ‘ದಾಖಲೆ ಲಭ್ಯವಿಲ್ಲ’ ಅನ್ನೋ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಪ್ಪ-ಅಮ್ಮನ ಅಫಿಡವಿಟ್ ಬೇಕು. ಇದನ್ನು ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಮಾಡಿಸಿ.

ಎರಡು, ಹೆಸರು. ನಮ್ಮ ಇನಿಷಿಯಲ್‌ಗಳು ಅಲ್ಲಿನ ಫಾರಂಗೆ ಅರ್ಥವಾಗಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ, ಅಂದರೆ ಹೆಸರು ಗೊತ್ತಿಲ್ಲ ಅಂತ ಬೀಳುತ್ತೆ. ಅಂಕಪಟ್ಟಿ, ಪಾಸ್‌ಪೋರ್ಟ್, ಜನನ ಪತ್ರ ಮೂರರಲ್ಲೂ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರಲಿ. ನನ್ನ ಗೆಳೆಯ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೇ ಸರ್‌ನೇಮ್ ಜಾಗದಲ್ಲಿ ಬರೆಸಿದ. ಅವನ ಆಫೀಸಿನಲ್ಲಿ ಎಲ್ಲರೂ ಅವನನ್ನು ಮಿಸ್ಟರ್ ಗುಬ್ಬಿ ಅಂತಾರೆ.