ಹಲಸಂಗಿಯ ಗೆಳೆಯರು, ಹೆಸರಿಲ್ಲದ ಹಾಡುಗಾರ್ತಿಯರು

ಹಲಸಂಗಿ ಈಗ ವಿಜಯಪುರ ಜಿಲ್ಲೆಯ ಚಡಚಣ ತಾಲ್ಲೂಕಿನಲ್ಲಿದೆ. ಮೊದಲು ಇಂಡಿ ತಾಲ್ಲೂಕಿನಲ್ಲಿತ್ತು. ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಿಲ್ಲ. ಸೊಲ್ಲಾಪುರದ ಪೇಟೆ ಹತ್ತಿರ, ಧಾರವಾಡ ದೂರ. ಮಳೆ ನಂಬಿದ ಜೋಳದ ಸೀಮೆ. ಈ ಊರಿನ ಗೆಳೆಯರ ಒಂದು ಗುಂಪು 1931ರಿಂದ 1935ರೊಳಗೆ ಮೂರು ಪುಸ್ತಕ ಹೊರತಂದಿತು: ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಕನ್ನಡ ಜಾನಪದದ ಬಗ್ಗೆ ಯಾರೇ ಬರೆಯಲಿ, ಈ ಮೂರು ಹೆಸರು ಬಿಟ್ಟು ಬರೆಯಲು ಆಗುವುದಿಲ್ಲ.

ಗೆಳೆಯರು ಯಾರು? ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮುಂದೆ ‘ಮಧುರಚೆನ್ನ’ ಎಂದು ಹೆಸರಾದವರು. ಸಿಂಪಿ ಲಿಂಗಣ್ಣ. ಧೂಲಾಸಾಹೇಬ. ಕಾಪಸೆ ರೇವಪ್ಪ. ಮಧುರಚೆನ್ನರು ಮುಲ್ಕಿ ಪರೀಕ್ಷೆ ಮುಗಿಸಿದ್ದರು, ಕಾಲೇಜಿಗೆ ಹೋದವರಲ್ಲ. ಇಂಗ್ಲಿಷ್, ಸಂಸ್ಕೃತಗಳನ್ನು ತಾವೇ ಕೂತು ಕಲಿತರು. ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರು. ಇವರಲ್ಲಿ ಯಾರಿಗೂ ಸಾಹಿತ್ಯ ಹೊಟ್ಟೆಪಾಡಾಗಿರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳುತ್ತಿದ್ದರು, ಓದಿದ ಪುಸ್ತಕದ ಮೇಲೆ ಚರ್ಚೆ ಮಾಡುತ್ತಿದ್ದರು. ದೊಡ್ಡ ಊರಿನ ಸಹವಾಸ ಇಲ್ಲದ ಕಡೆ ಗೆಳೆಯರೇ ಕಾಲೇಜು, ಗೆಳೆಯರೇ ಗ್ರಂಥಾಲಯ.

ಇದನ್ನು ಪವಾಡದಂತೆ ಹೇಳುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಹಲಸಂಗಿಯಲ್ಲಿ ಪದ ಕಟ್ಟುವುದು, ಕಟ್ಟಿದ್ದನ್ನು ನಾಲ್ಕು ಜನರ ಮುಂದೆ ಹಾಡುವುದು, ಎದುರಿನವರ ಪದಕ್ಕೆ ಉತ್ತರ ಕೊಡುವುದು ಇವರಿಗಿಂತ ಮೊದಲೇ ಇತ್ತು. ಲಾವಣಿಕಾರ ಖಾಜಾಭಾಯಿ ಇದೇ ಊರಿನವರು. ಸಿದ್ದು–ಶಿವಲಿಂಗರ ಲಾವಣಿಗಳೂ ಈ ಸೀಮೆಯಲ್ಲಿ ಹೆಸರಾದವು. ಗೆಳೆಯರು ಬೆಳೆದದ್ದು ಇಂಥ ಹಾಡಿನ ನೆಲದ ಮೇಲೆ.

ಲಾವಣಿ ಮೇಳ ನೋಡದ ಇಂದಿನ ಹುಡುಗರಿಗಾಗಿ ಸ್ವಲ್ಪ ವಿವರ ಹೇಳಬೇಕು. ಮೇಳದಲ್ಲಿ ಎರಡು ಪಕ್ಷ: ಹರದೇಶಿ, ನಾಗೇಶಿ. ಹರದೇಶಿಯವರು ಗಂಡು ಹೆಚ್ಚು ಎಂದು ವಾದ ಮಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ಒಂದು ಕಡೆ ಶಿವ, ಇನ್ನೊಂದು ಕಡೆ ಶಕ್ತಿ. ಕಲ್ಗಿ–ತುರಾಯಿ ಎಂಬ ಜೋಡಿ ಹೆಸರೂ ಉಂಟು, ಮರಾಠಿ ಸೀಮೆಯಲ್ಲೂ ಅದು ಇದೆ. ಡಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. ಜಾತ್ರೆಯಲ್ಲೋ ಉರುಸಿನಲ್ಲೋ ರಾತ್ರಿ ಶುರುವಾದರೆ ಬೆಳಗಿನ ತನಕ ನಡೆಯುತ್ತದೆ. ಒಂದು ಪಕ್ಷ ಪದದಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಪಕ್ಷ ಪದದಲ್ಲೇ ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ಲೆಕ್ಕ ಗೊತ್ತಿರಬೇಕು, ಮನೆಯ ಸಂಸಾರದ ಸೂಕ್ಷ್ಮವೂ ಗೊತ್ತಿರಬೇಕು. ಬೈಗುಳದ ಅಂಚಿನ ತನಕ ಹೋಗುತ್ತಾರೆ, ಆದರೆ ತಾಳ ತಪ್ಪಿದರೆ ಬೈದದ್ದೂ ವ್ಯರ್ಥ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೇಳದಲ್ಲಿ ಹಾಡುವವನು ತನ್ನ ಪಕ್ಷದ ವಾದವನ್ನೇ ಮಾಡುತ್ತಾನೆ, ಅದು ಅವನ ಸ್ವಂತ ಅಭಿಪ್ರಾಯ ಆಗಿರಬೇಕೆಂದಿಲ್ಲ. ಮನೆಯಲ್ಲಿ ಹೆಂಡತಿ ಮಾತು ಮೀರದವನು ಇಲ್ಲಿ ಗಂಡೇ ಹೆಚ್ಚು ಎಂದು ಗುಡುಗಬಹುದು. ಸೋಲುವುದು ಪದ, ಮನುಷ್ಯನಲ್ಲ. ಆದ್ದರಿಂದಲೇ ರಾತ್ರಿಯಿಡೀ ಜಿದ್ದಿಗೆ ಬಿದ್ದವರು ಬೆಳಿಗ್ಗೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬಲ್ಲರು. ಇನ್ನು ಕೇಳುವವರು. ಒಳ್ಳೆಯ ಸಾಲಿಗೆ ‘ಶಹಬ್ಬಾಸ್’ ತಕ್ಷಣ ಬರುತ್ತದೆ, ನೋಟು ಹಿಡಿದು ಎದ್ದು ಬರುವವರೂ ಇರುತ್ತಾರೆ. ಸಪ್ಪೆ ಸಾಲಿಗೆ ಜನ ಬೀಡಿ ಹಚ್ಚುತ್ತಾರೆ, ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ. ಮೊಬೈಲಿನಲ್ಲಿ ಎಲ್ಲ ಕವಿತೆಗೂ ಒಂದೇ ಹೆಬ್ಬೆರಳು ಒತ್ತಿ ಮುಂದೆ ಹೋಗುವ ನಮಗೆ ಈ ಬೀಡಿ ವಿಮರ್ಶೆ ಕಳೆದುಹೋಗಿದೆ.

ಲಾವಣಿಗೆ ಇನ್ನೊಂದು ಗುಣ ಇದೆ: ಅಂಕಿತ. ಪದದ ಕೊನೆಯ ನುಡಿಯಲ್ಲಿ ಕವಿ ತನ್ನ ಹೆಸರನ್ನೋ, ಗುರುವಿನ ಹೆಸರನ್ನೋ, ಊರು ಮತ್ತು ಊರದೇವರ ಹೆಸರನ್ನೋ ಸೇರಿಸುತ್ತಾನೆ. ಶಾಲೆಯಲ್ಲಿ ‘ಹಲಗಲಿಯ ಬೇಡರು’ ಲಾವಣಿ ಓದಿದವರಿಗೆ ನೆನಪಿರಬೇಕು, ಅದರ ಕೊನೆಗೆ ಕುರ್ತಕೋಟಿಯ ಕಲ್ಮೇಶ ಬರುತ್ತಾನೆ. 1857ರಲ್ಲಿ ಹತಾರ ಒಪ್ಪಿಸಲು ಒಪ್ಪದ ಹಲಗಲಿ ಬೇಡರ ಮೇಲೆ ಇಂಗ್ಲಿಷರು ನಡೆಸಿದ ದಾಳಿಯ ಪದ ಅದು. ಅಂಥ ಲಾವಣಿಗಳನ್ನು ಹುಡುಕಿ ಬರೆದಿಟ್ಟವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಯಾರ ವಿರುದ್ಧ ಪದ ಕಟ್ಟಿದರೋ ಅವರ ನೌಕರನೇ ಅದನ್ನು ಅಚ್ಚಿಗೆ ಉಳಿಸಿದ! ಕವಿಯ ಊರು ನಮಗೆ ಗೊತ್ತಾಗುವುದು ಅಂಕಿತದಿಂದ.

ಈಗ ಗೆಳೆಯರ ಕಡೆ ಬರೋಣ. ಅವರ ಕಾಲದಲ್ಲಿ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿ, ಪೇಟೆ, ನಾಟಕ ಎಲ್ಲದರಲ್ಲೂ ಮರಾಠಿಯ ಪ್ರಭಾವ. ನಾಲ್ಕು ಅಕ್ಷರ ಕಲಿತವನಿಗೆ ಮನೆಯ ಕನ್ನಡ ಎಂದರೆ ನಾಚಿಕೆ. ಲಾವಣಿಗೆ ಜಾತ್ರೆಯ ಬೆಲೆ ಇತ್ತು, ಓದಿದವರ ಮನೆಯಲ್ಲಿ ಬೆಲೆ ಇರಲಿಲ್ಲ. ಹೆಣ್ಣುಮಕ್ಕಳ ಬೀಸುವ ಹಾಡು, ಕುಟ್ಟುವ ಹಾಡಿಗಂತೂ ಹಾಡು ಎಂಬ ಹೆಸರೇ ಇರಲಿಲ್ಲ. ಅದು ಬೆಳಗಿನ ಜಾವದ ಒಂದು ಸಪ್ಪಳ, ಅಷ್ಟೇ.

ಗೆಳೆಯರು ಆ ಸಪ್ಪಳಕ್ಕೆ ಕಿವಿ ಕೊಟ್ಟರು. ಬೀಸುಕಲ್ಲಿನ ಪದಗಳು ಬಹಳಷ್ಟು ತ್ರಿಪದಿ, ಮೂರೇ ಸಾಲು. ಈ ಮೂರು ಸಾಲಿನ ವಯಸ್ಸು ಎಷ್ಟು ಎಂದರೆ, ಹಳೆಯ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಕೆತ್ತಿದ್ದಾರೆ. ಅಲ್ಲಿಂದ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಆ ಮಟ್ಟು ಹೆಂಗಸರ ಬಾಯಲ್ಲಿ ಉಳಿದುಕೊಂಡು ಬಂದಿದೆ, ಯಾವ ಪಾಠಶಾಲೆಯ ಸಹಾಯವೂ ಇಲ್ಲದೆ. ತವರಿನ ನೆನಪು, ಅತ್ತೆ ಮನೆಯ ಕಷ್ಟ, ಅಣ್ಣನ ಮೇಲಿನ ಆಸೆ, ಕೂಸಿನ ಆಟ, ಮಲ್ಲಯ್ಯನ ಭಕ್ತಿ ಎಲ್ಲವೂ ಅದರಲ್ಲಿದೆ. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ದಾರಿ ತೋರಿಸಿದ್ದ ಬಿ.ಎಂ. ಶ್ರೀಕಂಠಯ್ಯನವರು ಅದಕ್ಕೆ ಮುನ್ನುಡಿ ಬರೆದರು. ಮೈಸೂರು ಸೀಮೆಯ ದೊಡ್ಡ ಪ್ರೊಫೆಸರು, ಗಡಿನಾಡಿನ ಹಳ್ಳಿ ಹುಡುಗರ ಪುಸ್ತಕ. ಆಗ ಲಿಂಗಣ್ಣನವರಿಗೆ 26ರ ಆಸುಪಾಸು ವಯಸ್ಸು.

ಎರಡು ವರ್ಷದ ಮೇಲೆ ಬಂದ ‘ಜೀವನ ಸಂಗೀತ’ ಲಾವಣಿಗಳ ಸಂಗ್ರಹ. 1935ರ ‘ಮಲ್ಲಿಗೆ ದಂಡೆ’ ಮತ್ತೆ ಜನಪದ ಹಾಡುಗಳದ್ದು.

ಹಲಸಂಗಿಗೆ ಧಾರವಾಡದ ಬಲವೂ ಇತ್ತು. 1922ರ ಸುಮಾರಿಗೆ ದ.ರಾ. ಬೇಂದ್ರೆಯವರು ಅಲ್ಲಿ ‘ಗೆಳೆಯರ ಗುಂಪು’ ಕಟ್ಟಿದ್ದರು. ಬೆಟಗೇರಿ ಕೃಷ್ಣಶರ್ಮ, ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ ಮೊದಲಾದವರು ಅದರಲ್ಲಿದ್ದರು. ಈ ಪಟ್ಟಿ ಓದಿದರೆ ಎಲ್ಲರೂ ದೊಡ್ಡವರು ಅನಿಸುತ್ತದೆ, ಆದರೆ ಆ ಹೊತ್ತಿಗೆ ಅವರು ದೊಡ್ಡವರಾಗಿರಲಿಲ್ಲ. ಗೋಕಾಕರು ಕರ್ನಾಟಕ ಕಾಲೇಜಿನ ವಿದ್ಯಾರ್ಥಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಕನ್ನಡದಲ್ಲಿ ಬರೆ ಎಂದು ಅವರನ್ನು ತಿರುಗಿಸಿದವರು ಬೇಂದ್ರೆ. ಗೋಕಾಕರು ಕೊನೆಯ ತನಕ ಬೇಂದ್ರೆಯವರನ್ನು ತಮ್ಮ ಕಾವ್ಯಗುರು ಎಂದೇ ಹೇಳಿಕೊಂಡರು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು. ಪ್ರೋತ್ಸಾಹ ಅಂದರೆ ಬರೀ ಬೆನ್ನು ತಟ್ಟುವುದಲ್ಲ, ‘ನೀನು ತಪ್ಪು ದಾರಿಯಲ್ಲಿದ್ದೀ’ ಎಂದು ಹೇಳುವ ಸಲಿಗೆಯೂ ಅದರಲ್ಲಿ ಸೇರಿದೆ.

ಗುಂಪಿನವರು ಹಾಡುತ್ತಿದ್ದರು, ಓದುತ್ತಿದ್ದರು, ಪತ್ರಿಕೆ ನಡೆಸುತ್ತಿದ್ದರು, ನವರಾತ್ರಿಯಲ್ಲಿ ನಾಡಹಬ್ಬ ಮಾಡುತ್ತಿದ್ದರು. ಗುಂಪಿನ ನಿಜವಾದ ಪರೀಕ್ಷೆ ಬಂದದ್ದು ಬೇಂದ್ರೆಯವರ ಕಷ್ಟಕಾಲದಲ್ಲಿ. 1932ರಲ್ಲಿ ‘ಗರಿ’ ಸಂಕಲನ ಬಂತು. ಅದರೊಳಗಿನ ‘ನರಬಲಿ’ ಕವಿತೆ ರಾಜದ್ರೋಹ ಎಂದು ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಹಿಂಡಲಗಾ ಜೈಲಿಗೆ ಹಾಕಿತು. ಮಾಸ್ತರಿಕೆ ಹೋಯಿತು, ವರ್ಷಗಟ್ಟಲೆ ಸರಿಯಾದ ನೌಕರಿ ಸಿಗಲಿಲ್ಲ. ಅಂಥ ಹೊತ್ತಿನಲ್ಲಿ ಕವಿಗೆ ಬೇಕಾಗುವುದು ವಿಮರ್ಶೆಯೂ ಅಲ್ಲ, ಹೊಗಳಿಕೆಯೂ ಅಲ್ಲ. ಮುಂದಿನ ಕವಿತೆ ಎಲ್ಲಿ ಎಂದು ಕೇಳುವ ಜನ ಬೇಕು.

ಮಧುರಚೆನ್ನರು ಬೇಂದ್ರೆಯವರಿಗೆ ಬಹಳ ಹತ್ತಿರದವರು. ಇಬ್ಬರೂ ಶ್ರೀ ಅರವಿಂದರ ವಿಚಾರಕ್ಕೆ ಒಲಿದವರು. ಈ ಗೆಳೆತನದಲ್ಲಿ ಕೊಡು-ಕೊಳ್ಳುವುದು ಎರಡೂ ಕಡೆಯಿಂದ ಇತ್ತು ಎಂಬುದು ನಮ್ಮ ಅಭಿಪ್ರಾಯ. ಹಳ್ಳಿಯವರು ಧಾರವಾಡದಿಂದ ಕಲಿತರು ಎಂದು ಮಾತ್ರ ಹೇಳುವುದು ರೂಢಿ. ಆದರೆ ಬೇಂದ್ರೆಯವರ ಕವಿತೆಯನ್ನು ಜೋರಾಗಿ ಓದಿ ನೋಡಿ: ಲಾವಣಿಯ ಓಟ, ಹೆಣ್ಣುಮಕ್ಕಳ ಪದದ ಎಳೆತ, ಓಣಿಯ ಮಾತು ಎಲ್ಲ ಕೇಳುತ್ತದೆ. ಆ ಕಾಲದ ಉತ್ತರ ಕರ್ನಾಟಕದ ಕವಿಗಳಿಗೆ ಜನಪದ ಹಾಡು ಕಪಾಟಿನಲ್ಲಿಟ್ಟ ವಸ್ತುವಾಗಿರಲಿಲ್ಲ, ಬಂಡವಾಳವಾಗಿತ್ತು. ಬೆಟಗೇರಿ ಕೃಷ್ಣಶರ್ಮರ ಪದ್ಯಗಳಿಗೂ ಈ ಮಾತು ಒಪ್ಪುತ್ತದೆ.

ಮಧುರಚೆನ್ನರು ಸ್ವತಃ ಬರೆದ ‘ನನ್ನ ನಲ್ಲ’ ಕನ್ನಡದ ಅನುಭಾವ ಕಾವ್ಯದಲ್ಲಿ ದೊಡ್ಡ ಹೆಸರು. ಅವರು 1953ರ ಆಗಸ್ಟ್ 15ರಂದು ತೀರಿಕೊಂಡರು. ಅರವಿಂದರು ಹುಟ್ಟಿದ ದಿನವೂ ಅದೇ. ಲಿಂಗಣ್ಣನವರು ಬಹಳ ಕಾಲ ಬದುಕಿ, ಬಹಳ ಬರೆದು, ಕೊಪ್ಪಳದಲ್ಲಿ ನಡೆದ 62ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಧೂಲಾಸಾಹೇಬರ ಮತ್ತು ರೇವಪ್ಪನವರ ಹೆಸರು ಇಷ್ಟು ಕೇಳಿಸುವುದಿಲ್ಲ. ಲಾವಣಿ ಸಂಗ್ರಹದ ಕೆಲಸದಲ್ಲಿ ಧೂಲಾಸಾಹೇಬರ ಪಾಲು ದೊಡ್ಡದು. ಖಾಜಾಭಾಯಿಯ ಊರಿನಲ್ಲಿ ಇದು ಆಶ್ಚರ್ಯವಲ್ಲ. ಗಂಡು-ಹೆಣ್ಣು, ಶಿವ-ಶಕ್ತಿ ಎಂದು ವಾದ ಮಾಡುವ ಪದವನ್ನು ಮುಸಲ್ಮಾನ ಕವಿ ಕಟ್ಟಿದರೆ ಅದನ್ನು ಯಾರೂ ವಿಶೇಷ ಎಂದುಕೊಳ್ಳದ ಕಾಲ ಅದು. ಈಗ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿದೆ.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಗೆಳೆಯರು ಜಗಳವಾಡುತ್ತಲೇ ಬೆಳೆದವರು, ನಾವೂ ಅವರ ಜೊತೆ ಒಂದು ಜಗಳ ಆಡಿದರೆ ತಪ್ಪಿಲ್ಲ.

ಮೊದಲನೆಯದು ‘ಗರತಿ’ ಎಂಬ ಶಬ್ದ. ಗರತಿ ಎಂದರೆ ಮನೆತನ ಕಾಯುವ, ಮರ್ಯಾದಸ್ಥ ಹೆಣ್ಣು. ಆದರೆ ಬೀಸುಕಲ್ಲಿನ ಮುಂದೆ ಕೂತವಳು ಯಾವಾಗಲೂ ಗರತಿಯಾಗಿಯೇ ಹಾಡುತ್ತಾಳೆಯೆ? ನಮ್ಮ ಊರುಗಳಲ್ಲಿ ಮದುವೆಯ ಬೀಗರ ಹಾಡು ಕೇಳಿದವರಿಗೆ ಉತ್ತರ ಗೊತ್ತು. ಗಂಡನನ್ನು ಆಡಿಕೊಳ್ಳುವ ಹಾಡು, ಹೊಲಸು ಚೇಷ್ಟೆಯ ಹಾಡು, ಸಿಟ್ಟಿನ ಹಾಡು ಕೂಡ ಹೆಂಗಸರ ಬಾಯಲ್ಲೇ ಇವೆ. ಶೀರ್ಷಿಕೆಯಲ್ಲಿ ‘ಗರತಿ’ ಎಂದು ಬರೆದ ಕೂಡಲೇ ಅಂಥ ಹಾಡುಗಳು ಬಾಗಿಲ ಹೊರಗೆ ನಿಲ್ಲುತ್ತವೆ. ಆ ಕಾಲಕ್ಕೆ ಹಾಗೆ ಕರೆಯದೆ ಇದ್ದರೆ ಓದಿದ ಸಮಾಜ ಪುಸ್ತಕವನ್ನು ಮುಟ್ಟುತ್ತಲೇ ಇರಲಿಲ್ಲ ಎಂಬುದೂ ನಿಜ ಇರಬಹುದು. ಆದರೂ ಹೆಸರು ಇಟ್ಟವರು ಗಂಡಸರು, ಹಾಡಿದವರು ಹೆಂಗಸರು.

ಎರಡನೆಯದು ಇದಕ್ಕಿಂತ ದೊಡ್ಡದು. ಖಾಜಾಭಾಯಿಗೆ ಹೆಸರಿದೆ. ಕುರ್ತಕೋಟಿಯ ಕವಿಗೆ ಊರಾದರೂ ಇದೆ. ಸಂಗ್ರಹ ಮಾಡಿದ ಗೆಳೆಯರಿಗೆ ಸಾಹಿತ್ಯ ಚರಿತ್ರೆಯಲ್ಲಿ ಜಾಗ ಇದೆ. ತ್ರಿಪದಿ ಕಟ್ಟಿದವಳಿಗೆ ಏನಿದೆ? ತ್ರಿಪದಿಗೆ ಅಂಕಿತ ಇಲ್ಲ. ‘ಜನಪದ’ ಎಂದರೆ ಎಲ್ಲರದ್ದು, ಯಾರೊಬ್ಬರದ್ದೂ ಅಲ್ಲ ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ಈ ವಿವರಣೆ ನಮಗೆ ಅರ್ಧ ಮಾತ್ರ ಒಪ್ಪಿಗೆ. ಒಂದು ಪದ ನೂರು ಬಾಯಿ ದಾಟಿ ಬದಲಾಗಿರಬಹುದು, ಆದರೆ ಮೊದಲು ಒಬ್ಬಳು ಅದನ್ನು ಕಟ್ಟಿರಲೇಬೇಕು. ಎದುರಿಗೆ ಕೂತು ಬೀಸುವವಳು ಅದಕ್ಕೆ ಇನ್ನೊಂದು ಪದ ಜೋಡಿಸಿರಬೇಕು. ಇಬ್ಬರು ಹಿಡಿಯುವ ಗೂಟ ಒಂದೇ, ಒಬ್ಬಳು ಎಳೆದರೆ ಇನ್ನೊಬ್ಬಳು ತಳ್ಳಬೇಕು, ಹಾಡೂ ಹಾಗೇ ಸರದಿಯ ಮೇಲೆ. ಹರದೇಶಿ–ನಾಗೇಶಿಗೆ ಜಾತ್ರೆಯ ಜನ ಇದ್ದರು, ಇವರ ಗೋಷ್ಠಿಗೆ ಕೇಳುಗರೆಂದರೆ ತೊಟ್ಟಿಲ ಕೂಸು ಮತ್ತು ಕೊಟ್ಟಿಗೆಯ ಎಮ್ಮೆ. ಶಹಬ್ಬಾಸ್ ಎನ್ನುವವರೂ ಅವರೇ, ಸಾಲು ತಿದ್ದುವವರೂ ಅವರೇ.

ಹಿಟ್ಟಿನ ಗಿರಣಿ ಬಂದ ಮೇಲೆ ಆ ಗೋಷ್ಠಿ ಮುಗಿಯಿತು. ಇದಕ್ಕಾಗಿ ಕಣ್ಣೀರು ಹಾಕುವ ಲೇಖನಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಹಾಗೆ ಬರೆಯುವವರು ಒಂದು ಸೇರು ಜೋಳ ಬೀಸಿ ನೋಡಬೇಕು. ಬೀಸುಕಲ್ಲು ಹೋದದ್ದು ಹೆಣ್ಣುಮಕ್ಕಳ ರಟ್ಟೆಗೆ ಒಳ್ಳೆಯದೇ ಆಯಿತು. ಹೋಗಬಾರದಾಗಿದ್ದದ್ದು ಅವರು ಒಟ್ಟಿಗೆ ಕೂತು ಪದ ಕಟ್ಟುವ ಹೊತ್ತು. ಗಂಡಸರಿಗೆ ಕಟ್ಟೆ ಉಳಿಯಿತು, ಚಹಾದಂಗಡಿ ಉಳಿಯಿತು, ಕವಿಗೋಷ್ಠಿಯ ವೇದಿಕೆ ಸಿಕ್ಕಿತು.

ಹರದೇಶಿ–ನಾಗೇಶಿ ಮೇಳ ಮಾತ್ರ ನಿಂತಿಲ್ಲ. ನಾಗೇಶಿ ಪಕ್ಷವನ್ನು ಈಗ ಹೆಣ್ಣುಮಕ್ಕಳೇ ಹಾಡುವುದು ಸಾಮಾನ್ಯ. ಹೆಣ್ಣು ಹೆಚ್ಚು ಎಂಬ ವಾದವನ್ನು ಹೆಣ್ಣೇ ಎದ್ದು ನಿಂತು ಮೈಕಿನ ಮುಂದೆ ಹೇಳಿದಾಗ ಜಾತ್ರೆಯ ಜನ ಬೇರೆ ಥರ ಕೇಳುತ್ತಾರೆ, ನಗು ಕೂಡ ಬೇರೆ ಕಡೆಯಿಂದ ಬರುತ್ತದೆ. ಆ ಹಾಡುಗಳನ್ನು ನಮ್ಮ ಹುಡುಗರು ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸುತ್ತಾರೆ. ಬಹಳ ಸಲ ಹಾಡುವವಳ ಮುಖ ಇರುತ್ತದೆ, ಹೆಸರು ಇರುವುದಿಲ್ಲ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬೀಸುವ ಪದ ಬಲ್ಲ ಅಜ್ಜಿ ಇದ್ದರೆ ಒಂದು ಸಂಜೆ ಕೂತು ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಅವರ ಹೆಸರು, ತವರೂರು, ಈ ಪದ ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಹಾಡು ಆಮೇಲೆ.