ಮಳೆಯ ಗುರುತು, ಹಕ್ಕಿಯ ಒಗಟು: ಐರ್ಲೆಂಡಿನ ಶಾಲಾ ಸಂಗ್ರಹದ ಒಂದು ಓದು

ಐರಿಶ್ ಜಾನಪದ ಆಯೋಗವು 1937–39ರಲ್ಲಿ 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಂದ ಊರಿನ ಜಾನಪದವನ್ನು ಬರೆಸಿತು. ಮನೆಯ ಹಿರಿಯರನ್ನೂ ನೆರೆಯವರನ್ನೂ ಕೇಳಿ ಮಕ್ಕಳು ಬರೆದದ್ದೇ ಇಂದಿನ ‘ಶಾಲಾ ಸಂಗ್ರಹ’. ಶಿಕ್ಷಕರಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಹವಾಮಾನ, ಹಕ್ಕಿ, ಒಗಟುಗಳಿಗೆ ಬೇರೆ ಬೇರೆ ತಲೆಬರಹಗಳಿದ್ದವು. ಸಂಗ್ರಹಕ್ಕೆ ಅನುಕೂಲವಾದ ಈ ವಿಂಗಡಣೆ ಓದಿಗೆ ಅಡ್ಡಿಯಾಗುತ್ತದೆಂಬುದು ನನ್ನ ವಾದ.

ಮಳೆಯ ಗುರುತುಗಳನ್ನೇ ನೋಡೋಣ. ಸ್ವಾಲೋ ಹಕ್ಕಿ ನೆಲಕ್ಕೆ ಹತ್ತಿರ ಹಾರಿದರೆ ಮಳೆ. ಒಲೆಯ ಚಿಮಣಿಯಿಂದ ಇಲ್ಲಣ ಉದುರಿದರೆ ಮಳೆ. ದೂರದ ಬೆಟ್ಟ ಹತ್ತಿರ ಕಂಡರೂ ಮಳೆಯೇ. ಬಕ ಹೊಳೆಯ ಮೇಲ್ಗಡೆಗೆ, ಬೆಟ್ಟದತ್ತ ಹಾರಿದರೆ ಒಳ್ಳೆಯ ದಿನ. ಕೆಳಗಿಳಿದು ಬಂದರೆ ಮಳೆ. ಒಳನಾಡಿನ ಹೊಲದಲ್ಲಿ ಗಲ್ ಹಕ್ಕಿಗಳು ಇಳಿದರೆ ಕಡಲಲ್ಲಿ ಬಿರುಗಾಳಿ ಎದ್ದಿದೆಯೆಂದು ಅರ್ಥ. ಇವುಗಳಲ್ಲಿ ಕೆಲವಕ್ಕೆ ಭೌತಿಕ ಕಾರಣ ಹೇಳಬಹುದು: ಸ್ವಾಲೋ ತಾನು ತಿನ್ನುವ ಹುಳುಗಳು ಹಾರುವ ಎತ್ತರದಲ್ಲೇ ಹಾರುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಬಕದ ಗುರುತನ್ನು ಬಳಸಬೇಕಾದರೆ ಊರಿಗೊಂದು ಹೊಳೆ ಬೇಕು, ಅದರ ತಲೆಯಲ್ಲಿ ಬೆಟ್ಟವಿರಬೇಕು. ದಿನವೂ ಗಲ್ ಹಕ್ಕಿಗಳ ನಡುವೆಯೇ ಬದುಕುವ ದಡದ ಮೀನುಗಾರನಿಗೆ ಅವು ಹೊಲಕ್ಕಿಳಿಯುವ ಸುದ್ದಿ ಉಪಯೋಗಕ್ಕೆ ಬಾರದು. ಗುರುತು ನೆಲಕ್ಕೆ ಅಂಟಿಕೊಂಡ ಜ್ಞಾನ.

ಒಗಟಿಗೆ ಈ ಕಟ್ಟಿಲ್ಲ. ಮನೆತುಂಬ ಇದ್ದರೂ ಒಂದು ಚಮಚದಷ್ಟೂ ಹಿಡಿಯಲಾಗದ ಹೊಗೆಯ ಒಗಟು ಇಂಗ್ಲೆಂಡಿನಲ್ಲೂ ಬಳಕೆಯಲ್ಲಿತ್ತು. ಮ್ಯಾಗ್‌ಪೈ ಹಕ್ಕಿಯ ಒಗಟು ಇನ್ನೂ ಸೊಗಸು: ಅದರ ಕಪ್ಪಿಗೆ ಶಾಯಿ, ಬಿಳುಪಿಗೆ ಹಾಲು, ದಾರಿಯಲ್ಲಿ ಕುಪ್ಪಳಿಸುವ ಬಗೆಗೆ ಆಲಿಕಲ್ಲು. ಇಲ್ಲಿ ಆಲಿಕಲ್ಲು ಬಂದರೂ ಹವಾಮಾನದ ಮಾತಿಲ್ಲ. ಬೇಕಾದದ್ದು ಅದರ ಪುಟಿತ ಮಾತ್ರ. ಹಕ್ಕಿಯ ಹೆಸರನ್ನು ಮರೆಮಾಡಿ ನಡಿಗೆಯನ್ನು ಮುಂದಿಟ್ಟಿದ್ದಾರೆ. ಮಳೆಯ ಗುರುತಿನಲ್ಲಿ ಹಕ್ಕಿ ಕಣ್ಣೆದುರಿದ್ದು ಮಳೆ ಮರೆಯಲ್ಲಿರುತ್ತದೆ. ಒಗಟಿನಲ್ಲಿ ಹಕ್ಕಿಯೇ ಮರೆ. ನೋಟದ ಪಳಗುವಿಕೆ ಎರಡಕ್ಕೂ ಒಂದೇ, ಸಂಚಾರದ ಬಗೆ ಮಾತ್ರ ಬೇರೆ.

ಇವೆರಡರ ನಡುವೆ ನಿಲ್ಲುವುದು ಕಂದುಪಟ್ಟೆಯ ಹಸುವಿನ ಕಥೆ. ಮಾರ್ಚ್ ತನ್ನನ್ನು ಕೊಲ್ಲಲಾಗಲಿಲ್ಲವೆಂದು ಹಸು ಜಂಬ ಕೊಚ್ಚಿತಂತೆ. ಮಾರ್ಚ್ ಏಪ್ರಿಲ್‌ನಿಂದ ದಿನಗಳನ್ನು ಸಾಲ ಪಡೆದು ಅದನ್ನು ಕೊಂದಿತಂತೆ. ಏಪ್ರಿಲ್ ಆರಂಭದ ಚಳಿಗೆ ಜನ ಕೊಟ್ಟ ವಿವರಣೆ ಇದು: ಗುರುತಿನಂತೆ ಹವಾಮಾನದ ಮಾತು, ಆದರೆ ಒಗಟಿನಂತೆ ಒಂದೇ ಊರಿನ ನೆಲಕ್ಕೆ ಅಂಟಿಕೊಂಡದ್ದಲ್ಲ.

ಆದ್ದರಿಂದ ಈ ಸಂಗ್ರಹವನ್ನು ಅಭ್ಯಾಸ ಮಾಡುವವರು ಒಗಟುಗಳನ್ನು ಪಾಠಾಂತರಗಳ ಸಾಲಿನಲ್ಲಿಟ್ಟು ಓದಲಿ; ಗುರುತುಗಳನ್ನು ಮಾತ್ರ ಮಗು ಬರೆದ ಊರು, ಅದರ ಹೊಳೆ, ಬೆಟ್ಟ, ಕಡಲಿನ ದೂರಗಳೊಂದಿಗೆ ನಕಾಶೆಯ ಮೇಲಿಟ್ಟು ಓದಬೇಕು.